ಎಂಜಲು ತಟ್ಟೆಯ ಸಾಕ್ಷಿ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಆಸ್ಪತ್ರೆಯ ಉದ್ದನೆಯ ಕಾರಿಡಾರಿನಲ್ಲಿ ಒಂದು ಗಾಡಿ ಕುಂಯ್‌ಗುಡುತ್ತ ಬರುತ್ತದೆ. ಆ ಸದ್ದು ಕಿವಿಗೆ ಬಿದ್ದದ್ದೇ ತಡ, ಕ್ಯಾನ್ಸರ್ ವಾರ್ಡಿನಲ್ಲಿ ಒಂದೆರಡು ಕಪಾಟಿನ ಬಾಗಿಲು ಮೆಲ್ಲಗೆ ಮುಚ್ಚಿಕೊಳ್ಳುತ್ತವೆ. ಯಾರೋ ದಿಂಬಿನ ಕೆಳಗೆ ಏನನ್ನೋ ತಳ್ಳುತ್ತಾರೆ. ಬರುತ್ತಿರುವವರು ಡಾಕ್ಟರೂ ಅಲ್ಲ, ನರ್ಸೂ ಅಲ್ಲ. ಬೆಳಗಿನ ಹಾಲು ಕೊಟ್ಟು, ರಾತ್ರಿ ಉಂಡ ತಟ್ಟೆಗಳನ್ನು ಒಯ್ಯುವ ಹೆಂಗಸು. ಐವತ್ತು ದಾಟಿದ ಗಿಡ್ಡ ಮೈ, ತಲೆಗೆ ಬಿಗಿದು ಕಟ್ಟಿದ ಬಿಳಿ ಬಟ್ಟೆ, ಕೈಗೆ ರಬ್ಬರ್ ಗ್ಲೌಸು. ವಾರ್ಡಿನವರು ಇಟ್ಟಿರುವ ಹೆಸರು ಪತ್ತೇದಾರಮ್ಮ.

ಕಿಟಕಿ ಪಕ್ಕದ ಮಂಚದಲ್ಲಿ ವಯಸ್ಸಾದ ದರ್ಜಿಯೊಬ್ಬರಿದ್ದಾರೆ. ಅವರ ತಟ್ಟೆ ಖಾಲಿ. ಬೇರೆಯವರಾಗಿದ್ದರೆ, ಸದ್ಯ, ಉಂಡರಲ್ಲ ಎಂದು ಎತ್ತಿಕೊಂಡು ಹೋಗುತ್ತಿದ್ದರು. ಪತ್ತೇದಾರಮ್ಮ ತಟ್ಟೆಯನ್ನು ದೀಪದ ಕಡೆಗೆ ಓರೆ ಮಾಡಿ ಹಿಡಿಯುತ್ತಾರೆ.

"ಯಜಮಾನ್ರೇ, ರಾತ್ರಿ ಊಟ ಮಾಡಿದ್ದು ಯಾರು?"

"ನಾನೇ ಕಣಮ್ಮ. ಮತ್ಯಾರು ಮಾಡ್ತಾರೆ?"

"ನೀವು ಮಾಡಿದ್ರೆ, ಕಿಟಕಿ ಆಚೆ ಆ ಬೆಕ್ಕು ಯಾಕೆ ಮೀಸೆ ಒರೆಸಿಕೊಳ್ತಾ ಕೂತಿದೆ?"

ದರ್ಜಿ ನಗು ತಡೆಯಲಾರದೆ ಕೆಮ್ಮುತ್ತಾರೆ. "ಪಾಪ, ಅದಕ್ಕೂ ಹೊಟ್ಟೆ ಇದೆಯಲ್ಲಮ್ಮ."

"ಅದಕ್ಕಿದೆ ಸರಿ. ನಿಮ್ಮದನ್ನ ಯಾರಿಗೆ ಹೊಲಿದು ಕೊಟ್ರಿ?"

ಆಮೇಲೆ ಮೆಲ್ಲಗೆ ನಿಜ ಹೊರಬರುತ್ತದೆ. ಬಾಯೊಳಗೆಲ್ಲ ಹುಣ್ಣು, ಖಾರ ಸೋಕಿದರೆ ಪ್ರಾಣ ಹೋಗುತ್ತದೆ, ಹೇಳಿದರೆ ಎಲ್ಲಿ ಔಷಧಿ ನಿಲ್ಲಿಸುತ್ತಾರೋ ಎಂಬ ಭಯ. ಪತ್ತೇದಾರಮ್ಮ ಅವರಿಗೆ ಬುದ್ಧಿ ಹೇಳಲು ನಿಲ್ಲುವುದಿಲ್ಲ. ಕಾರಿಡಾರಿನ ತುದಿಯಲ್ಲಿರುವ ನರ್ಸಮ್ಮನಿಗೆ ವಿಷಯ ಮುಟ್ಟಿಸಿ, ಗಾಡಿಯನ್ನು ಮುಂದಿನ ಮಂಚಕ್ಕೆ ತಳ್ಳುತ್ತಾರೆ.

ತಟ್ಟೆ ನೋಡಿದರೆ ಹೇಗೆ ತಿಳಿಯುತ್ತದೆ ಎಂದು ಕೇಳಿದರೆ, ಇದನ್ನೂ ಕೇಳಬೇಕೇ ಎಂಬಂತೆ ನೋಡುತ್ತಾರೆ. "ಉಂಡ ತಟ್ಟೆ ಬೇರೆ, ಸುರಿದ ತಟ್ಟೆ ಬೇರೆ. ಉಂಡೋರು ಬೆರಳಲ್ಲೋ ಚಮಚದಲ್ಲೋ ತಮ್ಮ ಕಡೆಗೆ ಎಳೆದುಕೊಂಡಿರ್ತಾರೆ. ಗೀರು ಕಾಣುತ್ತೆ. ಕಾಳಿನ ಸಿಪ್ಪೆನೋ ಮೂಳೆನೋ ಅಂಚಲ್ಲಿ ಕೂತಿರುತ್ತೆ. ಸುರಿದ್ರೆ ರಸ ಒಂದೇ ಕಡೆ ಹರಿದು, ಅಂಚಿನಲ್ಲಿ ನಾಲಿಗೆ ಚಾಚಿದ ಹಾಗೆ ಒಣಗಿರುತ್ತೆ. ತಟ್ಟೆಗೆ ಸುಳ್ಳು ಹೇಳೋಕೆ ಬರಲ್ಲ. ಬರೋದು ನಮಗೆ."

ದಿನಕ್ಕೆ ನೂರಕ್ಕೂ ಹೆಚ್ಚು ತಟ್ಟೆಗಳು ಇವರ ಕೈ ದಾಟಿ ಹೋಗುತ್ತವೆ. ಬೆಳಗಿನ ಹಾಲಿನಿಂದ ಮಧ್ಯಾಹ್ನದ ಊಟದವರೆಗೆ ಕೂರುವುದು ಎರಡೇ ಸಲ. ಒಂದು ಚಹಾಕ್ಕೆ, ಇನ್ನೊಂದು ಗಾಡಿಯ ಗಾಲಿಗೆ ಎಣ್ಣೆ ಬಿಡಲು. ಎಷ್ಟು ಎಣ್ಣೆ ಬಿಟ್ಟರೂ ಅದು ಕುಂಯ್‌ಗುಡುವುದನ್ನು ಬಿಟ್ಟಿಲ್ಲ.

ಇವರದು ಹುಟ್ಟಿನಿಂದಲೇ ನಂಬದ ಜಾತಕ. ಹಗ್ಗ ಕಂಡರೆ ಹಾವಲ್ಲವೆಂದು ಖಾತ್ರಿಯಾಗುವವರೆಗೆ ದಾಟುವವರಲ್ಲ. ಹತ್ತು ವರ್ಷ ತುಂಬುವ ಮೊದಲೇ ಹೋಟೆಲೊಂದರ ಹಿತ್ತಲಲ್ಲಿ ಪಾತ್ರೆ ತೊಳೆಯಲು ಕೂತವರು. ಮುಂಬಾಗಿಲಲ್ಲಿ ಏನು ಹೇಳಿ ಮಾರುತ್ತಾರೆ, ಹಿಂಬಾಗಿಲಲ್ಲಿ ಏನು ಬೇಯುತ್ತದೆ ಎರಡನ್ನೂ ನೋಡಿ ಬೆಳೆದ ಕಣ್ಣು. ಈಗ ವಾರ್ಡಿಗೆ ಬರುವ ಚೀಲಗಳ ಮೇಲೂ ಅದೇ ಕಣ್ಣು. ಹಸಿರು ರಸದ ಬಾಟಲಿ, ಹೆಸರಿಲ್ಲದ ಪುಡಿ, ಚಿನ್ನದ ಬಣ್ಣದ ಮುಚ್ಚಳದ ಡಬ್ಬ, ಯಾವುದೋ ಬೇರಿನ ಕಷಾಯ.

"ಇದರಿಂದ ವಾಸಿಯಾದೋರು ಯಾರು ಅಂತ ಕೇಳಿ ನೋಡಿ. ಯಾರೋ ಒಬ್ರಿಗೆ ಅಂತಾರೆ. ಆ ಯಾರೋ ಒಬ್ರನ್ನ ನಾನೂ ಹುಡುಕ್ತಾನೇ ಇದ್ದೀನಿ. ಇವತ್ತಿನವರೆಗೂ ಸಿಕ್ಕಿಲ್ಲ."

ಮಾತನಾಡಿಸಲು ಬಂದವರನ್ನೂ ಬಿಟ್ಟವರಲ್ಲ. "ಪತ್ರಿಕೆಗೆ ಬರೀತೀವಿ ಅಂತೀರಿ. ಚೀಲದಲ್ಲಿ ಮಾರೋ ಸಾಮಾನು ಏನೂ ಇಲ್ಲ ತಾನೇ?" ಚೀಲ ಬಿಚ್ಚಿ ತೋರಿಸಿದ ಮೇಲೆಯೇ ಸ್ಟೂಲು ಎಳೆದು ಕೊಡುತ್ತಾರೆ.

ಆದರೆ ದೀಪದ ಬುಡದಲ್ಲೇ ಕತ್ತಲೆ. ಊರ ತಟ್ಟೆಯನ್ನೆಲ್ಲ ಓದುವ ಈ ಕಣ್ಣಿಗೆ ಒಂದು ತಟ್ಟೆ ಮಾತ್ರ ಕಾಣದೇ ಹೋಯಿತು. ಅದು ಸ್ವಂತ ಗಂಡನದು.

ಗಂಡ ಬೀಗ ರಿಪೇರಿ ಮಾಡುವವರು. ಬಸ್ ನಿಲ್ದಾಣದ ಗೋಡೆಗೊರಗಿದ ಪುಟ್ಟ ಗೂಡಂಗಡಿ, ತಲೆಯ ಮೇಲೆ ಗೊಂಚಲು ಗೊಂಚಲು ಕೀಲಿಕೈ. ಮಾತು ಕಡಿಮೆ. ಎರಡು ವರ್ಷದ ಹಿಂದೆ ಹಿಮ್ಮಡಿಯ ಅಡಿಯಲ್ಲಿ ಒಂದು ಕಪ್ಪು ಮಚ್ಚೆ ಕಾಣಿಸಿಕೊಂಡಿತು. ಆಣಿ ಇರಬೇಕೆಂದು ಕೀಲಿ ಉಜ್ಜುವ ಅರದಿಂದಲೇ ಅದನ್ನೂ ಉಜ್ಜಿ ಉಜ್ಜಿ ಸವೆಸಿದರು. ಮಚ್ಚೆ ಹರಡಿತು, ಒಡೆಯಿತು, ರಕ್ತ ಬಂತು. ಚರ್ಮದ ಕ್ಯಾನ್ಸರ್ ಎಂದು ತಿಳಿಯುವ ಹೊತ್ತಿಗೆ ಅದು ತೊಡೆಸಂದಿನ ಗಂಟಿಗೆ, ಅಲ್ಲಿಂದ ಶ್ವಾಸಕೋಶಕ್ಕೆ ದಾಟಿತ್ತು.

ಹೆಂಡತಿ ತಟ್ಟೆ ಎತ್ತುವ ಆಸ್ಪತ್ರೆಯಲ್ಲೇ ಗಂಡನಿಗೆ ಡ್ರಿಪ್ ಶುರುವಾಯಿತು. ಡಾಕ್ಟರು ಗಂಡನ ಬೀಗದ ಕಸುಬಿನ ಭಾಷೆಯಲ್ಲೇ ತಿಳಿಸಿ ಹೇಳಿದರು. ಈ ಔಷಧಿ ಕ್ಯಾನ್ಸರ್ ಎಂಬ ಕಳ್ಳನನ್ನು ತಾನಾಗಿ ಹೊಡೆಯುವುದಿಲ್ಲ. ಮೈಯೊಳಗಿನ ಕಾವಲುಗಾರರನ್ನು ಎಬ್ಬಿಸುತ್ತದೆ. ಎದ್ದ ಕಾವಲುಗಾರರು ಕೆಲವೊಮ್ಮೆ ಮನೆಯವರನ್ನೇ ಹೊಡೆದುಬಿಡುತ್ತಾರೆ. ಕರುಳು, ಚರ್ಮ, ಲಿವರ್, ಯಾವುದಾದರೂ ಆಗಬಹುದು. ಅದಕ್ಕೇ ಪ್ರತಿ ಸಲ ಡ್ರಿಪ್‌ಗೆ ಮುಂಚೆ ರಕ್ತಪರೀಕ್ಷೆ. ಜೊತೆಗೆ ಒಂದು ಮಾತು: ಬೇರೆ ಏನೇ ತೆಗೆದುಕೊಂಡರೂ ನಮಗೆ ಹೇಳಿ.

ಮೊದಲ ಕೆಲವು ಸಲ ಎಲ್ಲವೂ ಸರಿಯಿತ್ತು. ಸ್ಕ್ಯಾನಿನಲ್ಲಿ ಗಂಟು ಸ್ವಲ್ಪ ಕುಗ್ಗಿತ್ತು ಕೂಡ. ಆಮೇಲೆ ಒಂದು ಬೆಳಗ್ಗೆ ಡಾಕ್ಟರು ಡ್ರಿಪ್ ತಡೆದರು. ಲಿವರಿನ ಅಂಕಿ ಏರಿದೆ. ಕಾವಲುಗಾರರೇ ಲಿವರನ್ನು ಹೊಡೆಯುತ್ತಿದ್ದರೆ ಈ ಔಷಧಿಯನ್ನು ನಿಲ್ಲಿಸಬೇಕಾಗುತ್ತದೆ, ಬಹುಶಃ ಪೂರ್ತಿಯಾಗಿ. ಇದು ಬಿಟ್ಟರೆ ಕೊಡುವುದಕ್ಕೆ ಇಷ್ಟು ಒಳ್ಳೆಯದು ಇನ್ನೊಂದಿಲ್ಲ.

"ಬೇರೆ ಏನಾದರೂ ತಗೊಳ್ತಿದ್ದೀರಾ?" ಎಂದು ಕೇಳಿದರು.

ಬೀಗದವರು ತಲೆ ಅಲ್ಲಾಡಿಸಿದರು. ಇಲ್ಲ.

ಪತ್ತೇದಾರಮ್ಮನಿಗೆ ಮಾತ್ರ ಅನುಮಾನ ಗಂಟಲವರೆಗೆ ಬಂತು. ಅನುಮಾನ ಗಂಡನ ಮೇಲಲ್ಲ, ನಾದಿನಿಯ ಮೇಲೆ. ಹಿಂದಿನ ಬೀದಿಯಲ್ಲೇ ಇರುವ ಗಂಡನ ತಂಗಿ ದಿನವೂ ಮಧ್ಯಾಹ್ನ ಅಣ್ಣನನ್ನು ನೋಡಲು ಬರುತ್ತಾಳೆ. ಅತ್ತಿಗೆ ಕೆಲಸ ಮುಗಿಸಿ ಮನೆ ಮುಟ್ಟುವ ಹೊತ್ತಿಗೆ ಸರಿಯಾಗಿ, ಸೆರಗಿನ ಮರೆಯಲ್ಲಿ ಸ್ಟೀಲ್ ಡಬ್ಬ ಹಿಡಿದು ಮೆಟ್ಟಿಲಿಳಿಯುತ್ತಾಳೆ. ಏನೇ ಅದು ಎಂದರೆ ಏನಿಲ್ಲ ಅತ್ತಿಗೆ ಎನ್ನುತ್ತಾಳೆ. ಏನಿಲ್ಲದ ಡಬ್ಬವನ್ನು ಯಾರಾದರೂ ಸೆರಗಿನಲ್ಲಿ ಮುಚ್ಚುತ್ತಾರೆಯೇ?

"ನಾಲ್ಕು ಕಡೆ ಹರಕೆ, ನೂರಾರು ಕಷಾಯ, ಅವಳಿಗೆ ಎಲ್ಲದರಲ್ಲೂ ನಂಬಿಕೆ. ಅಣ್ಣನಿಗೆ ಏನೋ ಅರೆದು ತಂದು ಕುಡಿಸ್ತಿದ್ದಾಳೆ ಅಂತ ನನಗೆ ಖಾತ್ರಿ ಆಗಿಹೋಗಿತ್ತು" ಎಂದು ಈಗ ಹೇಳುವಾಗ ಪತ್ತೇದಾರಮ್ಮನ ದನಿ ತಗ್ಗುತ್ತದೆ.

ಮಾರನೆಯ ದಿನ ಅರ್ಧ ರಜೆ ಹಾಕಿ, ತಮ್ಮದೇ ಮನೆಯ ಮೆಟ್ಟಿಲ ಕೆಳಗೆ ಕಾದು ನಿಂತರು. ನಾದಿನಿ ಬಂದಳು. ಮೇಲೆ ಹತ್ತುವ ಮೊದಲೇ ಡಬ್ಬಕ್ಕೆ ಕೈಹಾಕಿ ಮುಚ್ಚಳ ಕಿತ್ತರು. ಒಳಗೆ ಏನೂ ಇಲ್ಲ. ತೊಳೆದು ಒರೆಸಿದ ಖಾಲಿ ಡಬ್ಬ.

"ಎಲ್ಲಿ? ಎಲ್ಲಿ ಬಚ್ಚಿಟ್ಟೆ?"

"ಏನನ್ನ ಅತ್ತಿಗೆ?"

"ಅಣ್ಣನಿಗೆ ತಂದು ತಿನ್ನಿಸೋದನ್ನ."

ನಾದಿನಿ ಮೆಟ್ಟಿಲ ಮೇಲೆಯೇ ಕೂತುಬಿಟ್ಟಳು. "ಅಯ್ಯೋ ಅತ್ತಿಗೆ, ನಾನು ಏನನ್ನೂ ತರಲ್ಲ. ಒಯ್ತೀನಿ. ಅಣ್ಣ ಮಧ್ಯಾಹ್ನದ ಊಟ ಪೂರ್ತಿ ನನ್ನ ಡಬ್ಬಕ್ಕೆ ಹಾಕಿಕೊಡ್ತಾನೆ. ನಿಮ್ಮತ್ತಿಗೆ ಜಾಸ್ತಿ ಮಾಡಿಟ್ಟು ಹೋಗ್ತಾಳೆ, ಉಳಿದ್ರೆ ನೊಂದ್ಕೋತಾಳೆ, ಮಕ್ಕಳಿಗೆ ಕೊಡು ಅಂದ. ಸ್ವಲ್ಪ ಉಂಡು ಮಿಕ್ಕಿದ್ದು ಕೊಡ್ತಿದ್ದಾನೆ ಅಂದ್ಕೊಂಡೆ. ಹೇಳಬೇಡ ಅಂತ ಆಣೆ ಹಾಕಿಸಿಕೊಂಡಿದ್ದ."

ಡಬ್ಬದ ಮೇಲಿನ ಅನುಮಾನ ಸರಿಯಾಗಿತ್ತು. ಅದು ಹೋಗುವ ದಿಕ್ಕು ಮಾತ್ರ ತಪ್ಪಿತ್ತು.

ಪತ್ತೇದಾರಮ್ಮ ಒಳಗೆ ಹೋಗಿ ಅಡುಗೆಮನೆಯಲ್ಲಿ ನಿಂತರು. ಬೋರಲು ಹಾಕಿದ ತಟ್ಟೆ, ಫಳಫಳ ಹೊಳೆಯುತ್ತಿತ್ತು. ಕೆಲವು ತಿಂಗಳಿಂದ ಗಂಡ ತಮ್ಮ ತಟ್ಟೆಯನ್ನು ತಾವೇ ತೊಳೆದಿಡುತ್ತಿದ್ದರು. ನೀನು ದಿನವಿಡೀ ಊರಿನ ಎಂಜಲು ತೊಳೀತೀಯ, ನನ್ನದಾದ್ರೂ ಬಿಡು ಎಂದಿದ್ದರು. ಆ ಮಾತನ್ನು ಇವರು ವಾರ್ಡಿನ ಹೆಂಗಸರ ಮುಂದೆಲ್ಲ ಹೇಳಿಕೊಂಡು ಹಿಗ್ಗಿದ್ದರು. ಮೂವತ್ತು ವರ್ಷದ ಸಂಸಾರದಲ್ಲಿ ಅಂಥ ಮಾತು ಅವರ ಬಾಯಿಂದ ಬಂದದ್ದೇ ಅದು ಮೊದಲು. ತಟ್ಟೆ ಓದುವವರಿಗೆ ತೊಳೆದ ತಟ್ಟೆ ಕೊಟ್ಟರೆ ಓದುವುದೇನು?

ಹೊರಗಿನ ಕೋಣೆಯಲ್ಲಿ ಬೀಗದವರು ಕಾಲು ಚಾಚಿ ಕೂತಿದ್ದರು. ಕೆನ್ನೆ ಗುಳಿ ಬಿದ್ದಿತ್ತು. ರೋಗದಿಂದ ಎಂದು ಅಲ್ಲಿಯವರೆಗೆ ಇಬ್ಬರೂ ಅಂದುಕೊಂಡಿದ್ದರು, ಅಥವಾ ಒಬ್ಬರು ಅಂದುಕೊಂಡಿದ್ದರು.

"ರೀ, ಊಟ ಬಿಟ್ಟು ಎಷ್ಟು ದಿನ ಆಯ್ತು?"

"ರಾತ್ರಿ ನಿನ್ನ ಜೊತೆ ನಾಲ್ಕು ತುತ್ತು ತಿಂತೀನಲ್ಲ."

"ಉಳಿದ ಹೊತ್ತು?"

ಅಂಗಡಿಗೆ ಬರುವ ಗಿರಾಕಿಯೊಬ್ಬ ಹೇಳಿದ್ದನಂತೆ. ಕ್ಯಾನ್ಸರ್ ಗೆಡ್ಡೆ ಬದುಕುವುದೇ ನಾವು ತಿನ್ನುವ ಅನ್ನ, ಬ್ರೆಡ್ಡು, ಹಣ್ಣಿನಲ್ಲಿ. ಅದನ್ನು ಉಪವಾಸ ಕೆಡವಿದರೆ ತಾನೇ ಸಾಯುತ್ತದೆ. ಊಟದ ಬದಲಿಗೆ ಈ ಮಾತ್ರೆ, ಈ ಪುಡಿ. ಗಿಡಮೂಲಿಕೆಯ ಸಾರವಂತೆ, ಹಾನಿಯೇ ಇಲ್ಲವಂತೆ. ಆತನ ಗೋದಾಮಿನ ಬೀಗಗಳನ್ನೆಲ್ಲ ಇವರು ದುರಸ್ತಿ ಮಾಡಿಕೊಡುವುದು, ಅದಕ್ಕೆ ಬದಲಾಗಿ ಆತ ಆ ಮಾತ್ರೆ, ಪುಡಿಯ ಡಬ್ಬ ಕೊಡುವುದು. ಮನೆಯ ಪರ್ಸಿನಿಂದ ಒಂದು ಕಾಸೂ ಹೊರಗೆ ಹೋಗಿರಲಿಲ್ಲ. ಅನುಮಾನ ಬರಲು ದಾರಿಯೇ ಇರಲಿಲ್ಲ.

"ಚೆಲ್ಲೋಕೆ ಮನಸ್ಸು ಬರಲಿಲ್ಲ ಕಣೇ. ನೀನು ಕತ್ತಲಲ್ಲಿ ಎದ್ದು ಬೇಯಿಸಿಟ್ಟಿದ್ದು" ಎಂದರು.

"ಕಳ್ಳನಿಗೆ ಅನ್ನ ಸಿಗಬಾರದು ಅಂತ ಮನೆಯವರನ್ನೆಲ್ಲ ಉಪವಾಸ ಕೆಡವಿದ್ರಾ? ಡ್ರಿಪ್ ಹಾಕಿ ಎಬ್ಬಿಸಿದ ಕಾವಲುಗಾರರು ಏನು ಗಾಳಿ ತಿಂದ್ಕೊಂಡು ಕಾಯ್ತಾರಾ?"

ಡಬ್ಬಗಳು ಎಲ್ಲಿವೆ ಎಂದು ಕೇಳಬೇಕಾಗಿರಲಿಲ್ಲ. ಮಂಚದಡಿಯಲ್ಲಿ ಅವರ ಸಾಮಾನಿನ ಕಬ್ಬಿಣದ ಪೆಟ್ಟಿಗೆ ಇತ್ತು, ಅದಕ್ಕೆ ಅವರೇ ಮಾಡಿದ ಬೀಗ. ಪತ್ತೇದಾರಮ್ಮ ಅದನ್ನು ಒಡೆಯಲು ಹೋಗಲಿಲ್ಲ. ಆಸ್ಪತ್ರೆಗೆ ಹೋಗುವ ದಿನ ಪೆಟ್ಟಿಗೆಯನ್ನು ಬೀಗ ಸಮೇತ ಸೊಂಟದ ಮೇಲೆ ಹೊತ್ತು ತಂದು ಡಾಕ್ಟರ ಮೇಜಿನ ಮೇಲೆ ಇಟ್ಟರು. ಪಕ್ಕದಲ್ಲಿ ಆಹಾರ ತಜ್ಞೆಯಾದ ಹುಡುಗಿಯೂ ಇದ್ದಳು.

"ಬೀಗ ಇವರದ್ದು, ಕೀಲಿ ಇವರದ್ದು. ಬಾಯಿ ಬಿಡೋದು ಮಾತ್ರ ಬಾಕಿ ಇದೆ ಸಾರ್."

ಬೀಗದವರು ಜೇಬಿನಿಂದ ಕೀಲಿ ತೆಗೆದರು. ಮುಚ್ಚಳ ತೆರೆಯಿತು.

ಬೈಗುಳ ಬೀಳುತ್ತದೆಂದು ಗಂಡ ಹೆಂಡತಿ ಇಬ್ಬರೂ ತಲೆ ತಗ್ಗಿಸಿದ್ದರು. ಯಾರೂ ಬೈಯಲಿಲ್ಲ. ಆಹಾರ ತಜ್ಞೆ ಡಬ್ಬಗಳನ್ನು ಒಂದೊಂದಾಗಿ ತಿರುಗಿಸಿ ಓದಿದಳು. ಒಂದರಲ್ಲಿ ಹಸಿರು ಚಹಾ ಎಲೆಯ ಗಟ್ಟಿ ಸಾರ. ಲೋಟದಲ್ಲಿ ಕುಡಿಯುವ ಚಹಾ ಬೇರೆ, ಹೀಗೆ ಗಟ್ಟಿ ಮಾಡಿ ಮಾತ್ರೆಗೆ ತುಂಬಿದ್ದು ಬೇರೆ, ಇದು ಕೆಲವರ ಲಿವರನ್ನು ಕೆಡಿಸುವುದುಂಟು ಎಂದಳು. ಇನ್ನೊಂದರಲ್ಲಿ ಏನಿದೆಯೆಂದು ಅದರ ಮೇಲೆಯೇ ಬರೆದಿರಲಿಲ್ಲ. ಅನ್ನ ಬಿಟ್ಟರೆ ಗೆಡ್ಡೆಗಿಂತ ಮೊದಲು ಸೊರಗುವುದು ನೀವು ಎಂದೂ ಹೇಳಿದಳು. ಕಾಳು, ಬೇಳೆ, ಸೊಪ್ಪು, ಹಣ್ಣು, ಮೊಟ್ಟೆ, ಬಾಯಿಗೆ ಸೇರುವುದನ್ನು ಸೇರಿದಷ್ಟು ತಿನ್ನಿ. ರಕ್ತದಲ್ಲಿ ಏನಾದರೂ ಕಡಿಮೆಯಿದ್ದರೆ ನಾವೇ ಮಾತ್ರೆ ಕೊಡುತ್ತೇವೆ.

ಡಾಕ್ಟರು ಮಾತ್ರ ಭರವಸೆಯ ಮಾತನ್ನು ಅಳೆದು ಆಡಿದರು. ತಪ್ಪು ಈ ಡಬ್ಬದ್ದೋ, ಡ್ರಿಪ್‌ನದ್ದೋ ಈಗಲೇ ಹೇಳಲಾಗದು. ಇದನ್ನು ನಿಲ್ಲಿಸಿ, ಕಾದು ನೋಡೋಣ.

ಆ ಕಾಯುವ ದಿನಗಳಲ್ಲೂ ಪತ್ತೇದಾರಮ್ಮ ಒಂದು ದಿನವೂ ರಜೆ ಹಾಕಲಿಲ್ಲ. "ಮನೇಲಿ ಕೂತ್ರೆ ಅವರ ಬಾಯನ್ನೇ ನೋಡ್ತಾ ಕೂರ್ತಿದ್ದೆ. ನುಂಗೋಕೆ ಬಿಡ್ತಿರಲಿಲ್ಲ" ಎನ್ನುತ್ತಾರೆ. ಮಧ್ಯಾಹ್ನ ನಾದಿನಿ ಬಂದು ಅಣ್ಣನ ಎದುರು ಕೂರುತ್ತಿದ್ದಳು, ಈ ಸಲ ಡಬ್ಬವಿಲ್ಲದೆ. ಅವಳ ಕೈ ಹಿಡಿದು ಇವರು ಒಂದೇ ಮಾತು ಹೇಳಿದ್ದರು: "ತಪ್ಪಾಯ್ತು ಕಣೇ. ಆದ್ರೂ ಸೆರಗು ಮುಚ್ಕೊಂಡು ಓಡಾಡಬಾರದಿತ್ತು ನೀನು."

ಲಿವರಿನ ಅಂಕಿ ಇಳಿಯಿತು. ಮತ್ತೆ ನೋಡಿದರು, ಇನ್ನೂ ಇಳಿದಿತ್ತು. ಡ್ರಿಪ್ ಮತ್ತೆ ಶುರುವಾಯಿತು. ಈಚಿನ ಸ್ಕ್ಯಾನಿನಲ್ಲಿ ಗಂಟು ಬೆಳೆದಿಲ್ಲ.

ಸಮಾಧಾನವಾಯಿತೇ ಎಂದರೆ ಪತ್ತೇದಾರಮ್ಮ ಹುಬ್ಬು ಗಂಟಿಕ್ಕುತ್ತಾರೆ. "ಬೆಳೆದಿಲ್ಲ ಅಂದ್ರು. ಹೋಗಿದೆ ಅನ್ನಲಿಲ್ಲ. ಇಳಿದಿದ್ದಕ್ಕೆ ಏರೋ ದಾರಿನೂ ಗೊತ್ತಿರುತ್ತೆ." ಆ ಗಿರಾಕಿ ಈಗ ಬಸ್ ನಿಲ್ದಾಣದ ಆಚೆ ಬದಿಯಲ್ಲಿ ಹಾದು ಹೋಗುತ್ತಾನಂತೆ. ಅವನ ಗೋದಾಮಿನ ಬೀಗ ಮತ್ತೆ ಕೆಟ್ಟಿದೆ ಎಂದು ಸುದ್ದಿ. ಬೀಗದವರು ಹೋಗಿಲ್ಲ.

ಮಧ್ಯಾಹ್ನದ ತಟ್ಟೆಗಳೆಲ್ಲ ತೊಳೆಯುವ ಕೋಣೆ ಸೇರಿದ ಮೇಲೆ ಇವರು ಮನೆಗೆ ಹೊರಡುತ್ತಾರೆ. ಚಪ್ಪಲಿ ಬಿಟ್ಟವರೇ ನೇರ ಅಡುಗೆಮನೆಗೆ. ತೊಟ್ಟಿಯಲ್ಲಿ ಗಂಡನ ತಟ್ಟೆ ತೊಳೆಯದೆ ಬಿದ್ದಿದೆ. ಅದನ್ನು ಎತ್ತಿ ಕಿಟಕಿಯ ಬೆಳಕಿಗೆ ಓರೆ ಮಾಡುತ್ತಾರೆ. ಬೆರಳಿನ ಗೀರುಗಳೆಲ್ಲ ಒಂದೇ ಕಡೆಗೆ ಎಳೆದಿವೆ. ಅಂಚಿನಲ್ಲಿ ಕಾಳಿನ ಸಿಪ್ಪೆ ಎರಡು. "ಉಂಡಿದ್ದಾರೆ" ಎನ್ನುತ್ತಾರೆ. ಆಮೇಲೆ ಬಗ್ಗಿ ಕಸದ ಬುಟ್ಟಿಯನ್ನೂ ಒಮ್ಮೆ ನೋಡುತ್ತಾರೆ.

ಹೊರಗಿನ ಕೋಣೆಯಿಂದ ಗಂಡನ ದನಿ ಕೇಳುತ್ತದೆ. "ಬುಟ್ಟೀಲಿ ಏನೂ ಇಲ್ಲ ಕಣೇ."

"ಇದೆ ಅಂತ ಯಾರು ಅಂದ್ರು?"

ನಲ್ಲಿ ತಿರುಗಿಸಿ, ತೋಳು ಮಡಚಿ, ತಟ್ಟೆ ಉಜ್ಜಲು ನಿಲ್ಲುತ್ತಾರೆ. ಇಲ್ಲಿ ಗ್ಲೌಸಿಲ್ಲ. ಏನಾದರೂ ಆಸೆ ಇದೆಯೇ ಎಂದು ಕೇಳಿದ್ದಕ್ಕೆ ತಿರುಗಿ ನೋಡದೆ ಹೇಳುತ್ತಾರೆ:

"ದೊಡ್ಡದೇನಿಲ್ಲ. ದಿನಾ ಮನೆಗೆ ಬಂದ್ರೆ ತೊಳೆಯೋಕೆ ಒಂದು ಎಂಜಲು ತಟ್ಟೆ ಇರಲಿ. ಅಷ್ಟೇ."