ಎರಡನೆಯ ಸಾಕ್ಷಿ

ಮಸೀದಿಯ ಪಕ್ಕದ ಆ ಕೋಣೆಯೊಳಗೆ ನನ್ನನ್ನು ಬಿಡದೇ ಇರಬಹುದಿತ್ತು. ಬಿಟ್ಟರೂ, ಬೇರೆ ಧರ್ಮದವನ ಸಾಕ್ಷಿ ನಮಗೇಕೆ ಎನ್ನಬಹುದಿತ್ತು. ಶಹರದಲ್ಲಿ ಅಂದೇ ಗಲಾಟೆಯಾಗಿ ಕರ್ಫ್ಯೂ ಬೀಳಬಹುದಿತ್ತು. ನನ್ನ ಹರಕು ಉರ್ದುವಿಗೆ ಹಿರಿಯರು ನಗಬಹುದಿತ್ತು. ನಾನು ಬಿಪಿ ಏರಿ ಅಲ್ಲೇ ಕುಸಿಯಬಹುದಿತ್ತು. ಕುಸಿದಾಗ ಕಾಲುಚೀಲದ ತೂತು ಎಲ್ಲರಿಗೂ ಕಾಣಬಹುದಿತ್ತು. ಎಲ್ಲಕ್ಕಿಂತ ಮುಖ್ಯವಾಗಿ, ಮನೆ ಮಾಲೀಕರು ಮರುದಿನವೇ ನಮ್ಮ ಪಾತ್ರೆಪಗಡ ಬೀದಿಗಿಡಬಹುದಿತ್ತು.

ಆಗ ನಾನು ಸರ್ಕಾರಿ ಗುಮಾಸ್ತ. ಹಳೆ ಶಹರದಲ್ಲಿ ಆ ಮಾಲೀಕರ ಮಹಡಿಯ ಮೇಲೆ ಬಾಡಿಗೆಗಿದ್ದೆವು. ಬೀದರ್ ಕಡೆಯ ಮನೆತನ, ನಮ್ಮೊಡನೆ ಕನ್ನಡವನ್ನೇ ಆಡುತ್ತಿದ್ದರು. ಮಾಲೀಕರ ತಂದೆ ಸಾಯುವ ಮೊದಲು, ಗಂಡ ಸತ್ತು ತವರಿಗೆ ಮರಳಿದ್ದ ಮಗಳನ್ನು ಕರೆದು, ಹಿತ್ತಲಿನ ಕೋಣೆ ನಿನ್ನದು ಎಂದು ಬೀಗದ ಕೈಯನ್ನು ಅಂಗೈಯಲ್ಲಿಟ್ಟಿದ್ದರು. ಅವರ ಶಾಸ್ತ್ರದಲ್ಲಿ ಹಾಗೆ ಬಾಯಲ್ಲಿ ಹೇಳಿ ವಶಕ್ಕೆ ಕೊಟ್ಟರೆ ದಾನ ಪೂರ್ತಿಯಾದಂತೆ, ಕಾಗದ ಬೇಕಿಲ್ಲ. ಆದರೆ ಕಂಡವರು ಬೇಕು. ಕಂಡವರು ಇಬ್ಬರೇ: ದರ್ಜಿ ಕೆಲಸದ ಕಿರಿಮಗ, ಮತ್ತು ನಲ್ಲಿಯಲ್ಲಿ ನೀರು ಬಂತೇ ಎಂದು ಕೆಳಗಿಳಿದಿದ್ದ ನಾನು. ಮುದುಕರು ತೀರಿಕೊಂಡ ವಾರದಲ್ಲೇ ಮಾಲೀಕರು ಆ ಕೋಣೆಗೆ ತಮ್ಮ ಬೀಗ ಜಡಿದರು. ತಂಗಿ ಎರಡು ಹೆಣ್ಣುಮಕ್ಕಳೊಡನೆ ಪಡಸಾಲೆಗೆ ಬಂದಳು.

ಅವಳು ಮಹಡಿ ಹತ್ತಿ ಬಂದು, “ಅಣ್ಣಾ, ಹಿರಿಯರ ಮುಂದ ಕಂಡಷ್ಟೇ ಹೇಳ್ರಿ. ಒಂದು ಮಾತು ಹೆಚ್ಚಿಗಿ ಬ್ಯಾಡ” ಎಂದಳು.

“ಹೇಳ್ತೀನಿ ಬಿಡು ತಂಗಿ,” ಎಂದೆ.

ನನ್ನ ಹೆಂಡತಿ ನಕ್ಕಳು. “ಕೊತ್ತಂಬರಿ ಬಾಡೈತಿ ಅಂತ ತರಕಾರಿಯಾಕಿಗೆ ಹೇಳಾಕ ಹೆದರ್ತಾರ ಇವರು. ಇವರನ್ನ ನಂಬೀಯಲ್ಲವ್ವಾ!”

ಶುಕ್ರವಾರ ಮಧ್ಯಾಹ್ನದ ನಮಾಜು ಮುಗಿದ ಮೇಲೆ, ಈ ತಕರಾರು ಕೇಳಲು ಮಸೀದಿಯ ಪಕ್ಕದ ಕೋಣೆಯಲ್ಲಿ ಹಿರಿಯರು ಕೂತರು. ಎಲ್ಲರೂ ಚಾಪೆಯ ಮೇಲೆ, ನನಗೊಬ್ಬನಿಗೆ ಕುರ್ಚಿ. ದರ್ಜಿ ಎದ್ದು, “ಅಬ್ಬಾ ಕೊಟ್ಟಿದ್ದು ಖರೇ” ಎಂದ. “ಅದು ಅಕ್ಕನ ಪಾಲಾದ್ರ ನನಗೂ ಲುಕ್ಸಾನ ಐತಿ. ಆದ್ರ ಸಾಕ್ಷಿ ನಿನಗ ಉಲ್ಟಾ ಹೊಡದ್ರೂ ಖರೇನ ಹೇಳು ಅಂತ ಅಲ್ಲಾಹನ ಹುಕುಂ ಐತಲ್ರಿ.”

“ದೊಡ್ಡ ಫಕೀರ ಬಂದಾನ ನೋಡ್ರಿ,” ಎಂದರು ಮಾಲೀಕರು.

ಹಿರಿಯರಲ್ಲಿ ಎಲ್ಲರಿಗಿಂತ ವಯಸ್ಸಾದವರು ಉರ್ದುವಿನಲ್ಲಿ ನಿಧಾನವಾಗಿ ಮಾತಾಡಿದರು. ತಪ್ಪಿಹೋದ ನಮಾಜನ್ನು ಮತ್ತೆ ಮಾಡಬಹುದು; ಇನ್ನೊಬ್ಬರ ಹಕ್ಕನ್ನು ನುಂಗಿದರೆ, ಕಳೆದುಕೊಂಡವರು ಕ್ಷಮಿಸುವ ತನಕ ದೇವರೂ ಕ್ಷಮಿಸುವುದಿಲ್ಲ ಎಂದರು. ಆದರೆ ಒಬ್ಬನ ಮಾತಿನ ಮೇಲೆ ಕೋಣೆ ಬಿಡಿಸಿಕೊಡಲು ತಮಗೆ ಆಗದು, ಇನ್ನೊಬ್ಬ ಬೇಕು. ಆ ಇನ್ನೊಬ್ಬನ ಧರ್ಮ ಯಾವುದೆಂದು ಯಾರೂ ಕೇಳಬೇಡಿ, ಕಂಡನೋ ಇಲ್ಲವೋ ಅಷ್ಟು ಕೇಳೋಣ ಎಂದು ನನ್ನತ್ತ ತಿರುಗಿದರು. ಬಾಗಿಲ ಪರದೆಯ ಆಚೆ ಮಾಲೀಕರ ತಂಗಿ ಕೂತಿದ್ದಳು.

ಮಾಲೀಕರು ನನ್ನನ್ನು ಗುರಾಯಿಸಲಿಲ್ಲ. ಗುರಾಯಿಸಿದ್ದರೆ ಸಿಟ್ಟಿಗಾದರೂ ನಿಜ ಹೇಳುತ್ತಿದ್ದೆ ಎಂದು ಇಂದಿಗೂ ನನಗೆ ನಾನೇ ಹೇಳಿಕೊಳ್ಳುತ್ತೇನೆ. ಅವರು ಬಗ್ಗಿ ಕಪ್ಪನ್ನು ನನ್ನ ಹತ್ತಿರ ಸರಿಸಿ, “ಚಾ ಆರಾಕತ್ತೈತಿ, ತಗೋರಿ ಸಾಹೇಬ್ರ” ಎಂದರು, ಅಷ್ಟೇ.

“ಸರಿಯಾಗಿ ನೆನಪಿಲ್ಲರಿ,” ಎಂದೆ ನಾನು.