ಹಲಗೆ ದಪ್ಪ, ಸಂದು ಸಡಿಲ

ಕಳೆದ ವಾರ ನಮ್ಮ ಅತ್ತಿಗೆ ಗೋಡೆಗೆ ಊದುಬತ್ತಿ ಬೆಳಗುತ್ತಿದ್ದರು. ಅಲ್ಲಿ ಯಾವ ದೇವರ ಫೋಟೋವೂ ಇರಲಿಲ್ಲ. ಅದು ಕೋಲ್ಡ್ ರೂಮಿನ ಗೋಡೆ!

ಕೊಟ್ಟಿಗೆಹಾರದ ಹತ್ತಿರ ಅಣ್ಣನ ಕಾಫಿ ತೋಟ. ಅದರ ಒಂದು ಮೂಲೆಯಲ್ಲಿ ಅತ್ತಿಗೆ ಆಂಥೂರಿಯಂ ಬೆಳೆಯುತ್ತಾರೆ. ಕೊಯ್ದ ಹೂವನ್ನು ಲಾರಿ ಬರುವವರೆಗೆ ತಂಪಾಗಿಡಲು ಪಫ್ ಪ್ಯಾನಲ್ಲಿನ ಕೋಣೆ ಕಟ್ಟಿಸಿದ್ದಾರೆ. ಎರಡು ತಗಡಿನ ನಡುವೆ ಫೋಮ್ ತುಂಬಿದ, ನಾಲ್ಕಿಂಚು ದಪ್ಪದ ಹಲಗೆಗಳು. ಬಂದವರಿಗೆಲ್ಲ ಅಣ್ಣ ಆ ದಪ್ಪವನ್ನೇ ತಟ್ಟಿ ತೋರಿಸುವುದು. (ಜೋಡಣೆ ಹೇಗಿದೆ ಎಂದು ಯಾರಾದರೂ ಕೇಳುತ್ತಾರೆಯೇ? ಮದುವೆ ಮಾತುಕತೆಯಲ್ಲೂ ಕೇಳುವುದಿಲ್ಲ.)

ಆದರೆ ಕಂಪ್ರೆಸರ್ ನಿಲ್ಲುತ್ತಲೇ ಇರಲಿಲ್ಲ. ಮೇಲಿನ ಸಂದುಗಳಿಂದ ನೀರು ತೊಟ್ಟಿಕ್ಕಿ ಎರಡು ಸಲ ಹೂವು ಕಪ್ಪಾಯಿತು. "ಇನ್ನೊಂದ್ಸಲ ಹಾಳಾದ್ರೆ ರೂಮು ಕಾಫಿ ಚೀಲಕ್ಕೆ" ಎಂದು ಅಣ್ಣ ತೀರ್ಪು ಕೊಟ್ಟಾಗಿತ್ತು. ಸೋಮವಾರ ಮದುವೆಯೊಂದಕ್ಕೆ ಹೂವು ಹೋಗಬೇಕು. ಹಾಗಾಗಿ ಊದುಬತ್ತಿ.

ಹಲಗೆಯ ಮುಂದೆ ಹೊಗೆ ನೆಟ್ಟಗೆ ಏರಿತು. ಎರಡು ಹಲಗೆ ಕೂಡುವಲ್ಲಿ ಬಾಗಿ, ಸರ್ರನೆ ಒಳಗೆ ಹೋಯಿತು.

"ಇಲ್ಲಿ ಸಂದು ಮುಚ್ಚೋ ಸೀಲೆಂಟೇ ಹಾಕಿಲ್ಲ ಕಣ್ರೀ!" ಎಂದರು ಅತ್ತಿಗೆ.

"ನಾನೇ ಬೇಡ ಅಂದಿದ್ದು. ಸ್ವಲ್ಪ ಗಾಳಿ ಆಡ್ಬೇಕಲ್ಲ ಮಾರಾಯ್ತಿ, ಇಲ್ದಿದ್ರೆ ಬೂಷ್ಟು ಬರುತ್ತೆ" ಎಂದ ಅಣ್ಣ, ಹೆಮ್ಮೆಯಿಂದಲೇ.

ಕಾಫಿ ಬೆಳೆಗಾರನ ಬುದ್ಧಿ ಎಲ್ಲಿ ಹೋದೀತು? ಗೋದಾಮಿಗೆ ಗಾಳಿ ಬೇಕು ಎಂದು ಕೇಳುತ್ತಲೇ ಬೆಳೆದವನು. ನಮ್ಮ ಕಡೆಯ ಒದ್ದೆ ಗಾಳಿಯೋ, ಆ ಸಂದಿನಲ್ಲಿ ನುಗ್ಗಿ, ತಣ್ಣನೆಯ ತಗಡಿಗೆ ತಾಗಿ ನೀರಾಗುತ್ತಿತ್ತು. ದಪ್ಪ ಹಲಗೆ ಪಕ್ಕದಲ್ಲಿ ಸುಮ್ಮನೆ ನಿಂತು ನೋಡುತ್ತಿತ್ತು.

(ಪ್ಯಾನಲ್ ಜೋಡಿಸಿದ ದಿನ ನಾನು ಅಲ್ಲೇ ಇದ್ದು, ಅಣ್ಣನೊಂದಿಗೆ ಜೋರಾಗಿ ವಾದಿಸಿದ ನೆನಪು. ಅತ್ತಿಗೆ ಪ್ರಕಾರ ನಾನು ಬಂದಿದ್ದೇ ಮಾರನೆಯ ದಿನ, ಊಟಕ್ಕೆ. ನೆನಪೂ ಜೋಡಣೆಯಲ್ಲೇ ಸೋರುತ್ತದೆ.)

ಅತ್ತಿಗೆ ಜಗಳವಾಡಲಿಲ್ಲ. ಏಣಿ ಹತ್ತಿ, ಸಂದುಗಳನ್ನು ಒರೆಸಿ, ಒಳಗೂ ಹೊರಗೂ ಸಿಲಿಕೋನ್ ತುಂಬಿದರು. ಒಣಗಿದ ಮೇಲೆ ಮಷೀನ್ ಹಾಕಿದರೆ, ಕಂಪ್ರೆಸರ್ ಅದೇ ಮೊದಲ ಬಾರಿಗೆ ನಡುನಡುವೆ ಸುಧಾರಿಸಿಕೊಳ್ಳತೊಡಗಿತು. ಸೋಮವಾರ ಹೂವು ಕೆಂಪಗೇ ಲಾರಿ ಹತ್ತಿತು.

ಖಾಲಿ ಕೋಣೆ ನೋಡಿ ಅಣ್ಣನಿಗೆ ತಡೆಯಲಾಗಲಿಲ್ಲ. "ಮುಂದಿನ ಹೂವು ಬರೋವರ್ಗೆ ಒಂದಷ್ಟು ಚೀಲ ಇಡ್ಲಾ?"

"ಅಯ್ಯೋ ಬೇಡ ರೀ. ಒಳಗೆ ಒಂಚೂರೂ ಗಾಳಿ ಆಡಲ್ಲ. ನಿಮ್ಮ ಕಾಫಿಗೆ ಬೂಷ್ಟು ಹಿಡಿದ್ರೆ?" ಎಂದ ಅತ್ತಿಗೆ ಬಾಗಿಲೆಳೆದು ಬೀಗ ಹಾಕಿದರು.

ತಾವೇ ಕಟ್ಟಿಸಿದ ಕೋಣೆ ತಮ್ಮದಾಗಿಯೇ ಉಳಿಯಲು ನಮ್ಮ ಮನೆಗಳ ಹೆಂಗಸರು ಇನ್ನೂ ಏನೇನು ಎಂಜಿನಿಯರಿಂಗ್ ಕಲಿಯಬೇಕೋ?