ಯಾರೂ ಇಳಿಯದ ಕೊಳ

ಗುರುಗ್ರಾಮದ ಒಂದು ಅಪಾರ್ಟ್‌ಮೆಂಟ್ ಸೊಸೈಟಿಯಲ್ಲಿ ಜನರೇಟರ್ ನೋಡಿಕೊಳ್ಳುತ್ತಿದ್ದ ರಾಮ್‌ಮೇಹರನಿಗೆ ಕೊಟ್ಟಿದ್ದ ಮನೆಯೂ ಜನರೇಟರಿನ ಬೆನ್ನಿಗೇ ಇತ್ತು. ಪುಕ್ಕಟೆ ಮನೆ, ಹೊಗೆಯೂ ಪುಕ್ಕಟೆ. ಝಜ್ಜರ್ ಕಡೆಯ ಹಳ್ಳಿಯಲ್ಲಿ ಎಮ್ಮೆ ಹಾಲು ಕರೆಯುತ್ತ ಓಣಿಗೆಲ್ಲ ಕೇಳುವಂತೆ ಹಾಡುತ್ತಿದ್ದ ಹೆಂಡತಿ ಬೀರ್‌ಮತಿ, ಇಲ್ಲಿ ಸಜ್ಜೆ ರೊಟ್ಟಿ ತಟ್ಟುವಾಗಲೂ ನಡುನಡುವೆ ಉಸಿರು ಸಾಲದೆ ಗೋಡೆ ಹಿಡಿದು ನಿಲ್ಲುತ್ತಿದ್ದಳು. ಹೊಗೆಯ ಸಹವಾಸ ಬಿಡು ಅಂದರು ಡಾಕ್ಟರು. ಅವಳು ಹುಕ್ಕಾ ಬಿಟ್ಟಳು. ಜನರೇಟರ್ ಬಿಡುವುದು ಹೇಗೆ?

ಹಾಗಾಗಿ, ಡೀಸೆಲ್ ಜೊತೆಗೆ ಪೈಪಿನ ಗ್ಯಾಸೂ ಉರಿಯುವಂತೆ ಯಂತ್ರವನ್ನು ಮಾರ್ಪಡಿಸಿದ ದಿನ ರಾಮ್‌ಮೇಹರ್ ಜಿಲೇಬಿ ತಂದ. ಹೊಗೆ ನಿಜಕ್ಕೂ ತೆಳುವಾಯಿತು. ಬೀರ್‌ಮತಿ ಬಾಗಿಲು ತೆರೆದಿಟ್ಟೇ ಮಲಗತೊಡಗಿದಳು.

ಆದರೆ ಆ ಯಂತ್ರಕ್ಕೂ ಒಂದು ದೊಡ್ಡಸ್ತಿಕೆ. ಕರೆಂಟು ಸಾಕಷ್ಟು ಖರ್ಚಾಗುತ್ತಿದ್ದರೆ ಮಾತ್ರ ಗ್ಯಾಸು ಮುಟ್ಟುತ್ತದೆ; ಆ ಖರ್ಚು, ಅಂದರೆ ಲೋಡು, ಇಳಿಯಿತೋ, ಮತ್ತೆ ಬರೀ ಡೀಸೆಲ್. ದೀಪಾವಳಿ ಕಳೆದು ದಿಲ್ಲಿ ಸುತ್ತಿನ ಗಾಳಿ ವಿಷವಾದದ್ದೇ ತಡ, ಫ್ಲ್ಯಾಟಿನವರು ಮಕ್ಕಳುಮರಿ ಕಟ್ಟಿಕೊಂಡು ಬೆಟ್ಟಗಳಿಗೆ ಹೋದರು. ಉಳ್ಳವರು ಉಸಿರು ಹುಡುಕಿಕೊಂಡು ಹೊರಟ ಮೇಲೆ ಉಳಿದವರ ಪಾಡು ಯಾರಿಗೆ ಬೇಕು! ಲೋಡು ಇಳಿಯಿತು, ಗ್ಯಾಸು ನಿಂತಿತು, ಕರಿಹೊಗೆ ಹಳೇ ನೆಂಟನ ಹಾಗೆ ನೆಟ್ಟಗೆ ಬೀರ್‌ಮತಿಯ ಬಾಗಿಲಿಗೇ ಬಂತು.

ರಾಮ್‌ಮೇಹರ್ ಒಂದು ಉಪಾಯ ಹೂಡಿದ. ಸರ್ಕಾರಿ ಕರೆಂಟು ಹೋಗಿ ಜನರೇಟರ್ ಓಡುವಾಗೆಲ್ಲ, ಯಾರೂ ಇಳಿಯದ ಈಜುಕೊಳದ ಹೀಟರುಗಳನ್ನು ಹಾಕಿಬಿಡುತ್ತಿದ್ದ. ಲೋಡು ಏರುತ್ತಿತ್ತು, ಗ್ಯಾಸು ಹತ್ತಿಕೊಳ್ಳುತ್ತಿತ್ತು. ಅತ್ತ ಕೊಳದಿಂದ ಹಬೆ ಏಳುತ್ತಿದ್ದರೆ ಇತ್ತ ಬೀರ್‌ಮತಿ ನೆಮ್ಮದಿಯಾಗಿ ನಿದ್ದೆ ಮಾಡುತ್ತಿದ್ದಳು.

ಆ ಹಬೆಯೇ ಚಾಡಿ ಹೇಳಿತು. ಸೊಸೈಟಿಯ ಸೆಕ್ರೆಟರಿ ಸಾಹ್ನಿ ಸಾಹೇಬರು ಮುಖಕ್ಕೆ ಮಾಸ್ಕ್ ಬಿಗಿದುಕೊಂಡು ಬಂದರು. ರಾಮ್‌ಮೇಹರ್ ಹೆಂಡತಿಯ ಕಾಯಿಲೆ ಸಮೇತ ಒಂದನ್ನೂ ಮುಚ್ಚಿಡದೆ ಹೇಳಿದ. ಸಾಹೇಬರು ಕೇಳಲಿಲ್ಲವೆಂದಲ್ಲ. ಪೂರ್ತಿ ಕೇಳಿದರು, ಹೊಟ್ಟೆ ಉರಿಸುವ ಸಂಗತಿ ಅದೇ.

“ಅರ್ಥ ಆಗತ್ತಪ್ಪಾ. ಆದ್ರೆ ಜನಾನೇ ಇಲ್ದಿರೋವಾಗ ಯಾರಿಗೋಸ್ಕರ ಇದೆಲ್ಲ ಉರಿಸೋದು, ನೀನೇ ಹೇಳು.”

“ನಾವಿದೀವಲ್ಲ ಸಾಹೇಬ್ರೇ.”

ಸಾಹೇಬರು ಸ್ವಿಚ್ಚಿನ ಕಡೆ ಕೈ ತೋರಿಸಿದರು. ತಾವೇ ಆರಿಸಬಹುದಿತ್ತು, ಇವನ ಕೈಯಿಂದಲೇ ಆಫ್ ಮಾಡಿಸಿದರು. ಇಂಜಿನ್ನಿನ ಸದ್ದು ಬದಲಾಯಿತು. ಸಾಹೇಬರು ಮಾಸ್ಕ್ ಸರಿಮಾಡಿಕೊಂಡು ಹೊರಟುಹೋದರು.

ರಾಮ್‌ಮೇಹರ್ ಮನೆಯೊಳಗೆ ಬಂದು ಬಾಗಿಲು ಹಾಕಿಕೊಂಡಾಗ ಬೀರ್‌ಮತಿ ಆಗಲೇ ಎದ್ದು ಕೂತಿದ್ದಳು. ಏನಾಯಿತೆಂದು ಅವಳಿಗೆ ಯಾರೂ ಹೇಳಬೇಕಾಗಿರಲಿಲ್ಲ.

“ಹೊಗೆ ಬರ್ತಿದೆ, ಬಾಗಿಲು ಹಾಕ್ರೀ,” ಅಂದಳು.

ಬಾಗಿಲು ಹಾಕಿಯೇ ಇತ್ತು.